ಹುಟ್ಟದೆ ಸತ್ತ ಗಡಿಯಾರದವನು

ಕಾದಂಬರಿಕಾರನ ತಮ್ಮನಾಗಿ ಹುಟ್ಟುವುದಕ್ಕಿಂತ ಕುಡುಕನ ತಮ್ಮನಾಗಿ ಹುಟ್ಟುವುದು ಮೇಲು. ಕುಡುಕ ಬೆಳಗಿನ ಹೊತ್ತಾದರೂ ತೆಪ್ಪಗೆ ಬಿದ್ದಿರುತ್ತಾನೆ. ಕಾದಂಬರಿಕಾರ ಬೆಳಗಾಗುತ್ತಲೇ ಎದ್ದು, ನಿನ್ನೆ ಬರೆದದ್ದನ್ನು ಓದುತ್ತೇನೆ ಕೂತುಕೋ ಎನ್ನುತ್ತಾನೆ.

ನನ್ನ ಅಣ್ಣನ ಹೆಸರು ಅಸ್ಪರೂಖ್. ಕುದುರೆಯೇರಿ ಬಂದು ಬಲ್ಗೇರಿಯಾ ರಾಜ್ಯ ಕಟ್ಟಿದ ಖಾನನ ಹೆಸರು ಅದು. ನಮ್ಮಣ್ಣ ಸೈಕಲ್ ಮೇಲೂ ನೆಟ್ಟಗೆ ಕೂರಲಾರ. ಅವನಿಗೆ ಕೆಲಸ ನಮ್ಮ ದೋಲ್ನಿ ಬ್ರೋದ್ ಊರಿನ ಪ್ರೋದಾನನ ಅಚ್ಚುಕೂಟದಲ್ಲಿ. ಅಚ್ಚುಕೂಟ ಎಂದರೆ ದೊಡ್ಡದೇನೋ ಎಂದುಕೊಳ್ಳಬೇಡಿ. ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಕಿಟಕಿಯಲ್ಲಿ ಒಂದು ಬೆಕ್ಕು. ಅಲ್ಲಿ ಅಚ್ಚಾಗುವುದು ಬಹುಪಾಲು ಸಾವಿನ ಹಾಳೆಗಳೇ. ನಮ್ಮಲ್ಲಿ ಮನುಷ್ಯ ಸತ್ತನೆಂದರೆ, ಅಳು ಮುಗಿಯುವ ಮೊದಲೇ ಅವನ ಫೋಟೋ, ಹೆಸರು, ನಾಲ್ಕು ಸಾಲು ದುಃಖ ಸೇರಿಸಿ ಕಪ್ಪಂಚಿನ ಹಾಳೆ ಅಚ್ಚು ಹಾಕಿಸಿ ಬಾಗಿಲಿಗೆ, ಲೈಟ್ ಕಂಬಕ್ಕೆ, ಬಸ್ ಸ್ಟಾಪಿಗೆ ಅಂಟಿಸಬೇಕು. ವರ್ಷ ತುಂಬಿದಾಗ ಮತ್ತೆ ಅಂಟಿಸಬೇಕು. ಊರಿನಲ್ಲಿ ಪೇಪರ್ ಓದುವವರಿಲ್ಲ, ಕಂಬ ಓದದವರಿಲ್ಲ. ಬೆಳಿಗ್ಗೆ ಬ್ರೆಡ್ ತರಲು ಹೊರಟ ಹೆಂಗಸರು ಕಂಬದಿಂದ ಕಂಬಕ್ಕೆ ಓದುತ್ತ ಹೋಗಿ, ತಾವಿನ್ನೂ ಅಲ್ಲಿಲ್ಲವೆಂದು ಖಾತ್ರಿ ಮಾಡಿಕೊಂಡು ಆಮೇಲೆ ಬ್ರೆಡ್ ಕೊಳ್ಳುತ್ತಾರೆ.

ಆ ನಾಲ್ಕು ಸಾಲು ದುಃಖವನ್ನು ಬರೆಯುವವನು ನಮ್ಮಣ್ಣ. ಆ ಲೆಕ್ಕದಲ್ಲಿ ಜಿಲ್ಲೆಗೇ ಅವನಷ್ಟು ಅಚ್ಚಾದ ಲೇಖಕ ಇನ್ನೊಬ್ಬನಿಲ್ಲ. ಹಾಗೆಂದು ಸಮಾಧಾನ ಹೇಳಿದರೆ ಅವನ ಕಿವಿ ಕೆಂಪಾಗುತ್ತಿತ್ತು. ಅವನಿಗೆ ಬೇಕಾಗಿದ್ದದ್ದು ಬೆನ್ನಿರುವ ಪುಸ್ತಕ. ಬೆನ್ನಿನ ಮೇಲೆ ಅವನ ಹೆಸರು.

ಅವನ ಕಾದಂಬರಿಯ ಕಥೆಯನ್ನು ಒಂದೇ ಉಸಿರಿಗೆ ಹೇಳಬಹುದು. ಎವ್ಸ್ಟಾಟಿ ಮರಾಂಗೊಜೋವ್ ಎಂಬ ಗಡಿಯಾರ ರಿಪೇರಿಯವನು ಬದುಕಿಡೀ ಒಬ್ಬ ಹೆಂಗಸನ್ನು ಪ್ರೀತಿಸುತ್ತಾನೆ, ಅವಳಿಗೆ ಹೇಳುವುದಿಲ್ಲ, ಸಾಯುತ್ತಾನೆ. ಇಷ್ಟಕ್ಕೆ ನಮ್ಮಣ್ಣನಿಗೆ ದಪ್ಪ ಚೀಲ ತುಂಬುವಷ್ಟು ಹಾಳೆ ಬೇಕಾಯಿತು. ಆ ಚೀಲವನ್ನು ಹೊತ್ತುಕೊಂಡು ಅವನ ಹಿಂದೆ ಸೋಫಿಯಾ ಪಟ್ಟಣದ ಬೀದಿ ಬೀದಿ ಅಲೆದವನು ನಾನು. ನಾನು ಟೈರ್ ಅಂಗಡಿಯವನು, ಭಾರ ಎತ್ತಿ ಅಭ್ಯಾಸ. ಮೊದಲ ಪ್ರಕಾಶಕನ ವಿಳಾಸದಲ್ಲಿ ಮೊಬೈಲ್ ಕವರ್ ಮಾರುತ್ತಿದ್ದರು. ಎರಡನೆಯವಳು ಭವಿಷ್ಯದ ಪುಸ್ತಕ ಮಾತ್ರ ಹಾಕುವವಳು. ನಿಮ್ಮ ನಾಯಕನದು ಯಾವ ರಾಶಿ ಎಂದು ಕೇಳಿ, ಅಣ್ಣ ತಡವರಿಸಿದ್ದಕ್ಕೆ ತಲೆಯಾಡಿಸಿ ಕಳಿಸಿದಳು. ಮೂರನೆಯವನು ಚಳಿಗಾಲವೆಲ್ಲ ಇಟ್ಟುಕೊಂಡು ವಾಪಸ್ ಕೊಟ್ಟ. ಒಂದನೇ ಪುಟದ ಮೇಲೆ ಕಾಫಿ ಲೋಟದ ಗುರುತಿತ್ತು. ಎರಡನೇ ಪುಟದಿಂದ ಆಚೆಗೆ ಬೆರಳಿನ ಗುರುತೂ ಇರಲಿಲ್ಲ. ಪ್ರತಿ ಸಲ ಊರಿಗೆ ಬಂದು ಅಣ್ಣ ಎರಡು ದಿನ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ. ಮೂರನೇ ದಿನ ಎದ್ದು ಮೊದಲ ಸಾಲಿನಿಂದ ಮತ್ತೆ ಬರೆಯುತ್ತಿದ್ದ. ಅಮ್ಮ ಅವನ ಬಿಳಿ ಅಂಗಿಗೆ ಇಸ್ತ್ರಿ ಹಾಕಿ ಮುಂದಿನ ಅವಮಾನಕ್ಕೆ ಸಿದ್ಧವಾಗಿಡುತ್ತಿದ್ದಳು.

ಕೊನೆಗೆ ಸಿಕ್ಕವನು ಹಂಜಿಯೆವ್ ಎಂಬ ಪ್ರಕಾಶಕ. ಒಂದು ಗುಣ ಹೇಳಲೇಬೇಕು, ಅವನು ಓದಿದ್ದ. ಕರುಳಿನ ಸೂಪು ಕುಡಿಯುತ್ತ, ಬೆಳ್ಳುಳ್ಳಿ ವಿನಿಗರ್ ಹಾಕಿಕೊಳ್ಳುತ್ತ ತೀರ್ಪು ಕೊಟ್ಟ.

"ಬರವಣಿಗೆ ಪರವಾಗಿಲ್ಲ. ಆದ್ರೆ ಈ ಮನುಷ್ಯನ್ನ ಯಾರೂ ನಂಬಲ್ಲ. ಜೀವನಪೂರ್ತಿ ಒಬ್ಬಳನ್ನ ಪ್ರೀತಿಸಿ ಬಾಯಿ ಮುಚ್ಕೊಂಡಿರೋ ಗಂಡಸು ಈ ದೇಶದಲ್ಲಿ ಹುಟ್ಟಿಲ್ಲ. ಹೋಗಿ ನಿಮ್ಮೂರಲ್ಲಿ ಕೇಳಿ. ಇಂಥೋನು ಇದ್ದ ಅಂತ ನಂಬೋರು ಒಬ್ರೇ ಒಬ್ರು ಸಿಕ್ಲಿ, ಇವತ್ತೇ ಅಚ್ಚಿಗೆ ಕೊಡ್ತೀನಿ."

ನಾನಾಗಿದ್ದರೆ ಆ ಸೂಪನ್ನು ಅವನ ತಲೆಯ ಮೇಲೆ ಹುಯ್ದು ಬರುತ್ತಿದ್ದೆ. ಅಣ್ಣ ಥ್ಯಾಂಕ್ಸ್ ಹೇಳಿದ. ಬಸ್ಸು ಅರ್ಧ ದಾರಿ ಬಂತು. ಆಮೇಲೆ ಅವನ ಮುಖ ಹೊಳೆಯತೊಡಗಿತು. ಅವನ ಮುಖ ಹೊಳೆದಾಗಲೆಲ್ಲ ನಮ್ಮ ಮನೆಗೆ ನಷ್ಟವಾಗಿದೆ.

ಮರುದಿನ ಪ್ರೋದಾನ್ ಊಟಕ್ಕೆ ಹೋದ ಹೊತ್ತಿನಲ್ಲಿ ಅಣ್ಣ ಹಾಳೆ ಅಚ್ಚು ಹಾಕಿದ. ಫೋಟೋ ಬೇಕಲ್ಲ, ಸಂತೆಯಲ್ಲಿ ಕೊಂಡ ಹಳೆಯ ಚೌಕಟ್ಟಿನ ಜೊತೆಗೇ ಬಂದಿದ್ದ ಯಾವನೋ ಒಬ್ಬನದನ್ನು ಹಾಕಿದ. ಟೋಪಿ, ಮೀಸೆ, ಹೊಟ್ಟೆನೋವು ತಡೆದುಕೊಂಡವನಂಥ ನೋಟ. ನಮ್ಮಲ್ಲಿ ಆ ವಯಸ್ಸಿನ ಗಂಡಸರೆಲ್ಲ ಹಾಗೇ ಇರುತ್ತಾರೆ. ಕೆಳಗೆ ಕಾದಂಬರಿಯ ಕೊನೆಯ ಸಾಲುಗಳು:

"ಗಡಿಯಾರ ರಿಪೇರಿ ಮಾಡುತ್ತಿದ್ದ ಎವ್ಸ್ಟಾಟಿ ಮರಾಂಗೊಜೋವ್ ನಮ್ಮನ್ನಗಲಿದ್ದಾರೆ. ಬದುಕಿಡೀ ಒಬ್ಬಳನ್ನೇ ಪ್ರೀತಿಸಿದರು. ಅವಳಿಗೆ ಹೇಳಲಿಲ್ಲ. ಅವಳು ಈಗ ಈ ಹಾಳೆಯ ಮುಂದೆ ನಿಂತು ಓದುತ್ತಿದ್ದಾಳೆ."

ಕೊನೆಯ ಸಾಲು ಬೇಡವೆಂದು ನಾನು ಹೇಳಿದೆ. ಅದೇ ಕಾದಂಬರಿಯ ಪ್ರಾಣವೆಂದು ಅವನು ಹೇಳಿದ. ನಂಬುವವರು ಒಬ್ಬರು ಸಾಕು, ಒಬ್ಬರು ಸಿಕ್ಕ ಕೂಡಲೇ ಹಾಳೆಗಳನ್ನೆಲ್ಲ ಕಿತ್ತು ನಿಜ ಹೇಳಿಬಿಡೋಣ, ಸಂಜೆಯೊಳಗೆ ಮುಗಿದುಹೋಗುತ್ತದೆ ಎಂದ. ಅಂಟು ಕಲಸಿದವನು ನಾನು, ಕಂಬಕ್ಕೆ ಬಳಿದವನು ನಾನು. ಕಾದಂಬರಿಕಾರ ದೂರ ನಿಂತು ಹಾಳೆ ಸೊಟ್ಟಗಿದೆ ಎಂದು ಹೇಳುತ್ತಿದ್ದ.

ಮೊದಲು ಬಂದವಳು ಪಕ್ಕದ ಮನೆಯ ದೋಬ್ರಿಂಕಾ ಅತ್ತೆ. ಹಿಂದೊಮ್ಮೆ ಬಸ್ ಡ್ರೈವರನನ್ನು ಕಿವಿ ಹಿಡಿದು ಕೆಳಗಿಳಿಸಿದವಳು. ಹಾಳೆ ಓದಿದಳು. ಚೀಲ ಕೆಳಗಿಟ್ಟು ಇನ್ನೊಮ್ಮೆ ಓದಿದಳು. ಆಮೇಲೆ ಅತ್ತ ಇತ್ತ ನೋಡಿ, ತಲೆಯ ಬಟ್ಟೆ ಸರಿಮಾಡಿಕೊಂಡು, ಕುತ್ತಿಗೆಯವರೆಗೆ ಕೆಂಪಾಗಿ, ಬ್ರೆಡ್ ಕೊಳ್ಳುವುದನ್ನೇ ಮರೆತು ಮನೆಗೆ ಹೋದಳು.

ಅಣ್ಣ ನನ್ನ ಕೈ ಹಿಡಿದುಕೊಂಡ. ಒಬ್ಬರು ಸಿಕ್ಕರು ಎಂದ. ಹಾಗಾದರೆ ಹಾಳೆ ಕೀಳೋಣ ನಡಿ ಎಂದೆ. ಇನ್ನೊಬ್ಬರು ಬರಲಿ, ಸಾಕ್ಷಿ ಗಟ್ಟಿಯಾಗಲಿ ಎಂದ.

ಸಂಜೆಯ ಹೊತ್ತಿಗೆ ಸಾಕ್ಷಿ ಎಷ್ಟು ಗಟ್ಟಿಯಾಯಿತೆಂದರೆ ಊರಿನ ತಲೆಗೂದಲು ಕತ್ತರಿಸುವ ಅಂಗಡಿಯಲ್ಲಿ ಕೂರಲು ಜಾಗವಿರಲಿಲ್ಲ. ಅರವತ್ತು ದಾಟಿದ ಹೆಂಗಸರೆಲ್ಲ ಕೂದಲಿಗೆ ಬಣ್ಣ ಹಾಕಿಸಿಕೊಂಡು ಕಪ್ಪು ಬಟ್ಟೆ ತೊಟ್ಟರು. ಯಾರೂ ಯಾರಿಗೂ ಏಕೆಂದು ಹೇಳಲಿಲ್ಲ. ಆದರೆ ಗುಟ್ಟು ಇಟ್ಟುಕೊಳ್ಳಲು ನಮ್ಮೂರೇನು ಸೋಫಿಯಾ ಅಲ್ಲ. ಮರುದಿನ ಬೇಕರಿಯ ಸಾಲಿನಲ್ಲಿ ಒಡೆಯಿತು.

"ನನ್ನ ಮದುವೆ ದಿನ ಚರ್ಚ್ ಹೊರಗಡೆ ಒಬ್ಬ ನಿಂತಿದ್ದ. ಮಳೇಲಿ. ಟೋಪಿ ಕೈಲಿ ಹಿಡ್ಕೊಂಡು," ಎಂದಳು ದೋಬ್ರಿಂಕಾ ಅತ್ತೆ.

"ಬಸ್ಸಿಗೆ ಕಾಯ್ತಿದ್ದ ಕಣೇ ಅವನು," ಎಂದಳು ಬೇಕರಿಯ ಸ್ಟೋಯ್ನಾ. "ನನ್ನಂಗಡೀಗೆ ದಿನಾ ಬರ್ತಿದ್ದ. ಒಂದೇ ಒಂದು ಬನ್ನು ತಗೊಳ್ತಿದ್ದ. ಒಂದು ಬನ್ನಿಗೋಸ್ಕರ ಯಾವ ಗಂಡಸು ದಿನಾ ಬರ್ತಾನೆ, ನೀನೇ ಹೇಳು."

"ಹಸಿದೋನು."

ಅಲ್ಲಿಂದ ಮುಂದೆ ಬನ್ನುಗಳು ಹಾರಿದವು. ನಾನು ಒಂದು ಕ್ಯಾಚ್ ಹಿಡಿದು ತಿಂದೆ; ಬೇರೆ ಏನು ಮಾಡಲೂ ತೋಚಲಿಲ್ಲ.

ಗಂಡಸರಿಗೂ ನೆನಪು ಬರತೊಡಗಿತು. ನೈದೆನ್ ತಾತ ತನ್ನ ಕೈಗಡಿಯಾರವನ್ನು ಹೋದಬಂದವರಿಗೆಲ್ಲ ತೋರಿಸಿ, ಇದನ್ನು ರಿಪೇರಿ ಮಾಡಿದವನು ಎವ್ಸ್ಟಾಟಿಯೇ, ಕೆಟ್ಟ ರಿಪೇರಿ, ಆದರೆ ಮನುಷ್ಯ ಚಿನ್ನ ಎಂದ. ಗಿರಣಿಯ ಹಿಂದಿನ ಕೊನೆಯ ಮನೆಯಲ್ಲಿ ಇದ್ದವನೆಂದು ಇನ್ನೊಬ್ಬ ಹೇಳಿದ. ಸಂಜೆಗೆ ಅದರ ಬಾಗಿಲ ಮುಂದೆ ಹೂವು ಬಿತ್ತು. ಅದು ಹಂದಿ ಕೊಟ್ಟಿಗೆ. ಹಂದಿ ಹೂವು ತಿಂದು ಎರಡು ದಿನ ಮಂಕಾಗಿತ್ತು. ಅದಕ್ಕೂ ದುಃಖವಾಗಿದೆ ಎಂದರು.

ಮಣ್ಣು ಮಾಡಿದ್ದು ಯಾವಾಗ ಎಂದು ಹೆಂಗಸರೆಲ್ಲ ಪಾದ್ರಿಯ ಬಳಿ ಹೋದರು. ಪಾದ್ರಿ ಹೊಸಬ, ಚಿಕ್ಕ ವಯಸ್ಸು. ತನಗೆ ಗೊತ್ತಿಲ್ಲದ ಹೆಣವೂ ಊರಲ್ಲಿದೆಯೆಂದು ಒಪ್ಪಿಕೊಳ್ಳಲು ನಾಚಿ, ಈ ತಿಂಗಳು ತುಂಬಾ ಜನ ಹೋದರು, ದೇವರ ಇಚ್ಛೆ ಎಂದು ಗಡ್ಡ ಸವರಿಕೊಂಡ. ಅದು ಹೌದೆಂದಾಯಿತು. ಪುರಸಭೆಯ ಗುಮಾಸ್ತೆ ಮಾತ್ರ ರಿಜಿಸ್ಟರೆಲ್ಲ ಹುಡುಕಿ, ಇಂಥ ಹೆಸರಿನವನು ಈ ಊರಿನಲ್ಲಿ ಹುಟ್ಟಿಲ್ಲ, ಮದುವೆಯಾಗಿಲ್ಲ, ಸತ್ತಿಲ್ಲ ಎಂದು ಘೋಷಿಸಿದಳು. ಅದನ್ನು ಕೇಳಿ ಅಳದವರೂ ಅತ್ತರು. ಎಷ್ಟು ಸಂಕೋಚದ ಮನುಷ್ಯ ನೋಡಿ, ರಿಜಿಸ್ಟರಿಗೂ ತೊಂದರೆ ಕೊಡಲಿಲ್ಲ ಎಂದರು.

ಇನ್ನು ಗಂಡಂದಿರ ಸಂಗತಿ. ದೋಬ್ರಿಂಕಾ ಅತ್ತೆಯ ಗಂಡ ಮಿಂಚೊ ಮಾವ ರಾಕಿಯಾ ಬಿಟ್ಟುಬಿಟ್ಟ. ಕುಡಿಯದೆ ಕೂತು ಗೋಡೆ ಗಡಿಯಾರವನ್ನೇ ನೋಡತೊಡಗಿದ. ಇದನ್ನು ಯಾರು ರಿಪೇರಿ ಮಾಡಿದ್ದು ಎಂದು ಹೆಂಡತಿಯನ್ನು ಕೇಳಿದ. ಅವಳು ಕಿಟಕಿಯಿಂದಾಚೆ ನೋಡಿ ನಿಟ್ಟುಸಿರು ಬಿಟ್ಟಳು. ಗಡಿಯಾರ ಅದೇ ಕಿಟಕಿಯಿಂದ ಬೀದಿಗೆ ಬಿತ್ತು. ಅದನ್ನು ಕಂಡ ಎದುರು ಮನೆಯವನಿಗೂ ತನ್ನ ಗಡಿಯಾರದ ಮೇಲೆ ಸಂಶಯ ಬಂತು. ಆ ವಾರದ ಕೊನೆಗೆ ನಮ್ಮೂರಿನಲ್ಲಿ ಹೊತ್ತೆಷ್ಟು ಎಂದು ತಿಳಿದವರೇ ಇರಲಿಲ್ಲ. ಶಾಲೆಗೆ ಮಕ್ಕಳು ತಮಗೆ ತೋಚಿದಾಗ ಹೋದರು, ಬಸ್ಸು ತನಗೆ ತೋಚಿದಾಗ ಬಂತು. ಬಸ್ಸು ಮೊದಲೂ ಹಾಗೇ ಬರುತ್ತಿತ್ತು, ಆದರೆ ಈಗ ಬೈಯಲು ಆಧಾರವಿರಲಿಲ್ಲ.

ಇಷ್ಟರಲ್ಲಿ ನಮ್ಮಣ್ಣ ಏನು ಮಾಡುತ್ತಿದ್ದ ಎಂದು ಕೇಳಿ. ಅಚ್ಚುಕೂಟದ ಕಿಟಕಿಯಲ್ಲಿ ಬೆಕ್ಕಿನ ಪಕ್ಕ ಕೂತು, ಕಂಬದ ಮುಂದೆ ಅಳುವವರನ್ನು ನೋಡಿ ತಾನೂ ಅಳುತ್ತಿದ್ದ. ಓದುಗರು ಕಣೋ ಎನ್ನುತ್ತಿದ್ದ. ಹಾಳೆ ಕೀಳಲು ನಾನು ಹೋದರೆ ಹೆಂಗಸರು ಛತ್ರಿಯಲ್ಲಿ ಹೊಡೆದರು. ಅದರ ಗುರುತು ನನ್ನ ಭುಜದಲ್ಲಿ ಇನ್ನೂ ಇದೆ. ಸಾವಿನ ಒಂಬತ್ತನೇ ದಿನದ ಪ್ರಾರ್ಥನೆಯನ್ನು ಶನಿವಾರ ಚರ್ಚಿನ ಅಂಗಳದಲ್ಲಿ ಊರೇ ಸೇರಿ ಮಾಡುವುದೆಂದು ತೀರ್ಮಾನವಾಯಿತು. ಅಣ್ಣ ಹಂಜಿಯೆವನಿಗೆ ಫೋನ್ ಮಾಡಿ, ನಂಬುವವರು ಒಬ್ಬರಲ್ಲ, ಒಂದು ಊರು, ಬಂದು ನೋಡಿ ಎಂದ. ಅವನ ಮುಂದೆಯೇ ಎಲ್ಲರಿಗೂ ನಿಜ ಹೇಳುತ್ತೇನೆ, ಊರು ಒಂದು ಗಳಿಗೆ ಬೈಯುತ್ತದೆ, ಆಮೇಲೆ ಹೆಮ್ಮೆಪಡುತ್ತದೆ ಎಂದು ನನಗೆ ಹೇಳಿದ. ನಮ್ಮೂರು ಯಾವುದಕ್ಕಾದರೂ ಹೆಮ್ಮೆಪಟ್ಟಿದ್ದನ್ನು ನಾನು ಕಂಡಿಲ್ಲ. ಆದರೂ ನಂಬಿದೆ. ನನ್ನ ಕರ್ಮ.

ಶುಕ್ರವಾರ ಸಂಜೆ ಮನೆಗೆ ಬಂದರೆ ಅಮ್ಮ ಗೋಧಿ ಬೇಯಿಸುತ್ತಿದ್ದಳು.

ಸತ್ತವರ ಹೆಸರಿನಲ್ಲಿ ಗೋಧಿ ಬೇಯಿಸಿ, ಸಕ್ಕರೆ ಪುಡಿ ಉದುರಿಸಿ, ಬಂದವರಿಗೆ ಹಂಚುವುದು ನಮ್ಮಲ್ಲಿ ರೂಢಿ. ಆದರೆ ಸತ್ತವನ ಮನೆಯವರು ಬೇಯಿಸುತ್ತಾರೆ. ಅಮ್ಮ ಅಕ್ರೋಟಿನ ಚೂರುಗಳಿಂದ ಗೋಧಿಯ ಮೇಲೆ ಒಂದು ಗಡಿಯಾರ ಬರೆದಿದ್ದಳು. ಕೂದಲು ಸುರುಳಿ ಸುತ್ತಿತ್ತು. ಅಪ್ಪ ಹೋದ ಮೇಲೆ ಆ ಕೂದಲಿಗೆ ಬಾಚಣಿಗೆ ಬಿಟ್ಟು ಬೇರೇನೂ ಸೋಕಿರಲಿಲ್ಲ.

ಯಾರಿಗೆ ಇದು ಎಂದು ನಾನು ಕೇಳಿದೆ. ಕೇಳಬಾರದಿತ್ತು.

ಅಮ್ಮ ಕೈ ಒರೆಸಿಕೊಳ್ಳುತ್ತ, ನಮ್ಮ ಕಡೆ ನೋಡದೆ, ಒಲೆಗೆ ಹೇಳುವಂತೆ ಹೇಳಿದಳು. "ತರಕಾರಿ ಡಬ್ಬಿಗೆ ತುಂಬೋ ಫ್ಯಾಕ್ಟ್ರೀಲಿ ಕೆಲಸಕ್ಕಿದ್ದಾಗ ಗೋಡೆ ಗಡಿಯಾರ ನೋಡೋಕೆ ಒಬ್ಬ ಬರ್ತಿದ್ದ. ಏಣಿ ಹತ್ತಿ ನಿಂತ್ಕೊಂಡು ಮೇಲಿಂದ ನಾನು ಮೆಣಸಿನಕಾಯಿ ಬಿಡಿಸೋದನ್ನೇ ನೋಡೋನು. ಗಡಿಯಾರ ಕೆಟ್ಟಿರ್ತಿರ್ಲಿಲ್ಲ. ಅದು ನಂಗೂ ಗೊತ್ತಿತ್ತು." ಅಕ್ರೋಟಿನ ಒಂದು ಚೂರು ಸರಿಮಾಡಿ ಸೇರಿಸಿದಳು, "ನಿಮ್ಮಪ್ಪ ಒಳ್ಳೆಯವ್ರು. ಅವರು ನೋಡ್ತಿದ್ದಿದ್ದು ರಸ್ತೇನ."

ಅಪ್ಪ ಬಸ್ ಡ್ರೈವರ್ ಆಗಿದ್ದ. ನಾನು ಅಣ್ಣನನ್ನು ನೋಡಿದೆ. ಅವನ ಮುಖ ಆ ಗೋಧಿಗಿಂತ ಬೆಳ್ಳಗಾಗಿತ್ತು. ಅಂಗಳಕ್ಕೆ ಎಳೆದುಕೊಂಡು ಹೋಗಿ ಕತ್ತುಪಟ್ಟಿ ಹಿಡಿದೆ. ಈಗಲೇ ಒಳಗೆ ಹೋಗಿ ಹೇಳು, ನಾಳೆ ಊರಿನ ಮುಂದೆ ಅವಳು ನಗೆಪಾಟಲಾಗುವುದಕ್ಕಿಂತ ಇವತ್ತು ನಮ್ಮ ಮುಂದೆ ನಾಚಲಿ ಎಂದೆ. ಹೇಳುತ್ತೇನೆ ಎಂದು ಒಳಗೆ ಹೋದ. ನಾನು ಹೊರಗೆ ನಿಂತೆ. ಸ್ವಲ್ಪ ಹೊತ್ತಿಗೆ ತುಟಿಯ ಮೇಲೆ ಸಕ್ಕರೆ ಅಂಟಿಸಿಕೊಂಡು ವಾಪಸ್ ಬಂದ. ಅಮ್ಮ ಪಾತ್ರೆ ಕೆರೆದು ಕೊಟ್ಟಳಂತೆ, ಇವನು ತಿಂದನಂತೆ, ಹೇಳಲು ಆಗಲಿಲ್ಲವಂತೆ. ಇವನನ್ನು ಬೈಯಲು ಎಂಟನೇ ಕ್ಲಾಸಿನವರೆಗೆ ಓದಿದ ನನ್ನ ಭಾಷೆ ಸಾಲಲಿಲ್ಲ.

ಶನಿವಾರ ಚರ್ಚಿನ ಅಂಗಳದಲ್ಲಿ ಜಾತ್ರೆ. ಉದ್ದದ ಬೆಂಚಿನ ಮೇಲೆ ಸಾಲಾಗಿ ಗೋಧಿಯ ಪಾತ್ರೆಗಳು, ಒಂದೊಂದರ ಮೇಲೂ ಒಂದೊಂದು ಗಡಿಯಾರ. ದೋಬ್ರಿಂಕಾ ಅತ್ತೆಯದು ಎಲ್ಲಕ್ಕಿಂತ ದೊಡ್ಡದು, ಅದರಲ್ಲಿ ಮುಳ್ಳೂ ಇತ್ತು. ಬೆಂಚಿನ ಒಂದು ಕಡೆ ಕಪ್ಪು ಬಟ್ಟೆಯ ಹೆಂಗಸರು, ಒಬ್ಬರನ್ನೊಬ್ಬರು ನೋಡದೆ. ಇನ್ನೊಂದು ಕಡೆ ಗಂಡಂದಿರು, ಯಾರನ್ನು ಹೊಡೆಯಬೇಕೆಂದು ತಿಳಿಯದೆ. ಅಮ್ಮ ತುದಿಯಲ್ಲಿ ಪಾತ್ರೆಯನ್ನು ಕೈಯಲ್ಲೇ ಹಿಡಿದು ನಿಂತಿದ್ದಳು. ಬೆಂಚಿನಲ್ಲಿ ಅವಳಿಗೆ ಜಾಗ ಬಿಟ್ಟಿರಲಿಲ್ಲ.

ಹಂಜಿಯೆವ್ ಕಾರಿನಿಂದಿಳಿದು ಬಂದ. ಸಭ್ಯ ಮನುಷ್ಯ, ಪ್ರತಿ ಪಾತ್ರೆಯ ಮುಂದೆಯೂ ನಿಂತು, ಕೊಟ್ಟದ್ದನ್ನು ತಿಂದು, ಹೇಳಿದ್ದನ್ನು ಕೇಳಿದ. ಒಬ್ಬಳಿಗೆ ಅವನು ಮಳೆಯಲ್ಲಿ ನಿಂತಿದ್ದ, ಒಬ್ಬಳಿಗೆ ಬನ್ನು ಕೊಂಡಿದ್ದ, ಒಬ್ಬಳ ಅಲಾರಂ ಗಡಿಯಾರಕ್ಕೆ ಕೀಲಿ ಕೊಟ್ಟು ಎದೆಗೆ ಒತ್ತಿಕೊಂಡಿದ್ದ. ಸಾಲಿನ ಮಧ್ಯಕ್ಕೆ ಬರುವಷ್ಟರಲ್ಲಿ ಹಂಜಿಯೆವ್ ಕನ್ನಡಕ ಒರೆಸಿಕೊಳ್ಳುತ್ತಿದ್ದ. ಕೊನೆಗೆ ಬರುವಷ್ಟರಲ್ಲಿ ಬಿಕ್ಕಳಿಕೆ ಹತ್ತಿತ್ತು. ದುಃಖಕ್ಕೋ ಗೋಧಿಗೋ ಹೇಳಲಾರೆ. ಇಂಥ ಮನುಷ್ಯ ಹುಟ್ಟಿಲ್ಲವೆಂದು ಸೂಪು ಕುಡಿಯುತ್ತ ಅಂದೆನಲ್ಲ, ನನಗೆ ನಾಚಿಕೆಯಾಗುತ್ತಿದೆ ಎಂದು ನಮ್ಮಣ್ಣನ ಕೈ ಹಿಡಿದ.

ಅದೇ ಸಮಯ ನೋಡಿ ಅಣ್ಣ ಚರ್ಚಿನ ಮೆಟ್ಟಿಲು ಹತ್ತಿದ. ಇಸ್ತ್ರಿ ಹಾಕಿದ ಬಿಳಿ ಅಂಗಿ. ನನ್ನ ಹೆಗಲಿಂದ ಚೀಲ ತೆಗೆದುಕೊಂಡು ಹಾಳೆಗಳ ಕಟ್ಟನ್ನು ಮೇಲೆತ್ತಿದ. ಎವ್ಸ್ಟಾಟಿ ಮರಾಂಗೊಜೋವ್ ಎಂಬವನು ಇರಲಿಲ್ಲ, ಅವನನ್ನು ನಾನು ಬರೆದೆ, ಇದು ನನ್ನ ಕಾದಂಬರಿ, ದಯವಿಟ್ಟು ಕ್ಷಮಿಸಿ ಎಂದ. ಹೇಳುವಾಗ ಅಮ್ಮನಿದ್ದ ತುದಿಯನ್ನು ಬಿಟ್ಟು ಉಳಿದ ಕಡೆಯೆಲ್ಲ ನೋಡಿದ.

ಹೊಡೆತ ಬೀಳುತ್ತದೆಂದು ನಾನು ಅಂಗಿಯ ತೋಳು ಮಡಿಸಿಕೊಂಡೆ. ಹೊಡೆತಕ್ಕಿಂತ ಕೆಟ್ಟದ್ದು ಬಿತ್ತು. ಯಾರೂ ನಂಬಲಿಲ್ಲ.

ನೈದೆನ್ ತಾತ ಕೈಗಡಿಯಾರ ಎತ್ತಿ ತೋರಿಸಿದ. "ಹಂಗಾದ್ರೆ ಇದನ್ನ ರಿಪೇರಿ ಮಾಡಿದ್ದು ಯಾರೋ ಮಗಾ? ನಿನ್ನ ಕಾದಂಬರೀನಾ?"

ಜನ ನಗಲಿಲ್ಲ, ತಲೆದೂಗಿದರು. ಪ್ರೋದಾನ್ ಮುಂದೆ ಬಂದು, ಈ ಹುಡುಗ ನನ್ನಲ್ಲಿ ಹಾಳೆ ಜೋಡಿಸುತ್ತಾನೆ, ಹೋದ ವರ್ಷ ಬದುಕಿದ್ದ ವಿಧವೆಯ ಫೋಟೋವನ್ನು ಸತ್ತ ಗಂಡನ ಹೆಸರಿನ ಮೇಲೆ ಹಾಕಿದವನು, ಇವನು ಮನುಷ್ಯನನ್ನು ಸೃಷ್ಟಿ ಮಾಡುತ್ತಾನೆಯೇ ಎಂದು ಕೇಳಿದ. ಅದು ನಿಜವೇ ಆಗಿದ್ದರಿಂದ ಅಣ್ಣ ಮೆಟ್ಟಿಲ ಮೇಲೆ ಕುಗ್ಗಿದ. ಹಾಗಾದರೆ ಈ ಕಟ್ಟು ಎಲ್ಲಿಂದ ಬಂತೆಂದು ಹಂಜಿಯೆವ್ ಬಿಕ್ಕಳಿಸುತ್ತಲೇ ಕೇಳಿದ. ಉತ್ತರ ಕಂಡುಹಿಡಿದವಳು ದೋಬ್ರಿಂಕಾ ಅತ್ತೆ. ಆ ಒಂಟಿ ಮನುಷ್ಯ ತನ್ನ ಮನಸ್ಸನ್ನು ಯಾರಿಗೂ ಹೇಳಲಾರದೆ ತಾನೇ ಬರೆದಿಟ್ಟಿದ್ದಾನೆ, ಅಚ್ಚು ಮಾಡಿಸಲು ಈ ಹುಡುಗನ ಕೈಗೆ ಕೊಟ್ಟಿದ್ದಾನೆ, ಅವನು ಕಣ್ಣು ಮುಚ್ಚಿದ ಕೂಡಲೇ ಇವನು ತನ್ನ ಹೆಸರು ಹಾಕಿಕೊಂಡಿದ್ದಾನೆ. ಅಂಗಳವೆಲ್ಲ ಹ್ಞಾಂ ಎಂದು ಉಸಿರು ಬಿಟ್ಟಿತು. ಎಷ್ಟು ಸರಿಹೊಂದಿತೆಂದರೆ ಒಂದು ಗಳಿಗೆ ನನಗೇ ಸಂಶಯ ಬಂತು.

"ಸತ್ತೋನ ಬಾಯಿಂದ ತುತ್ತು ಕಿತ್ಕೊಳ್ಳೋಕೆ ನಾಚಿಕೆ ಆಗಲ್ವೇನೋ," ಎಂದಳು ಅತ್ತೆ. ಅವಳ ದನಿಯಲ್ಲಿ ಸಿಟ್ಟಿಗಿಂತ ನೋವಿತ್ತು. ನಮ್ಮನ್ನು ಎತ್ತಿ ಆಡಿಸಿದವಳು ಅವಳು.

ನಾನು ಕೂಗಾಡಿದೆ. ಈ ಚೀಲ ಹೊತ್ತವನು ನಾನು, ಇವನು ಬರೆದದ್ದನ್ನು ಕಣ್ಣಾರೆ ಕಂಡಿದ್ದೇನೆ, ಕಿವಿಯಾರೆ ಕೇಳಿ ಕೇಳಿ ಸತ್ತಿದ್ದೇನೆ ಎಂದೆ. ಕಳ್ಳನ ತಮ್ಮ ಚೀಲ ಹೊರದೆ ಇನ್ನೇನು ಹೊರುತ್ತಾನೆ ಎಂದು ಮಿಂಚೊ ಮಾವ ಹೇಳಿದ. ಒಂಬತ್ತು ದಿನದಲ್ಲಿ ಅವನ ಮುಖದಲ್ಲಿ ಮೊದಲ ಸಲ ನೆಮ್ಮದಿ ಕಂಡಿತು. ಸಿಟ್ಟು ಮಾಡಲು ಬದುಕಿರುವವನೊಬ್ಬ ಸಿಕ್ಕಿದ್ದ.

ಆಗ ಹಂಜಿಯೆವ್ ಗುಂಪು ಬಿಡಿಸಿಕೊಂಡು ನಮ್ಮಮ್ಮನ ಬಳಿ ಹೋದ. ಟೋಪಿ ತೆಗೆದ.

"ಅಮ್ಮಾ, ನೀವು ತಾಯಿ. ನೀವು ಹೇಳಿದ್ರೆ ಮುಗೀತು. ಇದನ್ನ ನಿಮ್ಮ ಮಗ ಹುಟ್ಟಿಸಿ ಬರ್ದಿದ್ದಾ, ಇಲ್ಲ ಆ ಮನುಷ್ಯ ನಿಜವಾಗ್ಲೂ ಇದ್ರಾ?"

ಅಮ್ಮನಿಗೆ ಗೊತ್ತಿತ್ತು. ಆ ಕಟ್ಟಿನ ಒಂದೊಂದು ಹಾಳೆಯೂ ನಮ್ಮ ಅಡುಗೆಮನೆಯ ಮೇಜಿನ ಮೇಲೆ, ಅವಳು ಬದನೆಕಾಯಿ ಸುಡುತ್ತಿದ್ದಾಗ ಬರೆದದ್ದು. ಎಷ್ಟೋ ಹಾಳೆಗಳಲ್ಲಿ ಆ ವಾಸನೆ ಇನ್ನೂ ಇದೆ. ಅವಳು ಒಂದು ಮಾತು ಹೇಳಿದ್ದರೆ ಸಾಕಿತ್ತು, ಅಣ್ಣ ಕಾದಂಬರಿಕಾರ. ಅಣ್ಣ ಈಗ ಅವಳನ್ನೇ ನೋಡುತ್ತಿದ್ದ. ಇಡೀ ಅಂಗಳ ನೋಡುತ್ತಿತ್ತು. ಅಮ್ಮ ಪಾತ್ರೆಯ ಮೇಲಿನ ಅಕ್ರೋಟಿನ ಗಡಿಯಾರವನ್ನು ನೋಡಿದಳು. ಅಣ್ಣನನ್ನು ನೋಡಿದಳು. ಸುರುಳಿ ಸುತ್ತಿದ ಕೂದಲನ್ನು ಕಿವಿಯ ಹಿಂದೆ ಸೇರಿಸಿಕೊಂಡಳು.

"ಇದ್ರು," ಎಂದಳು.

ಅಷ್ಟೇ. ನನಗೆ ಆ ಚರ್ಚು, ಆ ಗಂಟೆ, ಆ ಪಾದ್ರಿ ಎಲ್ಲವನ್ನೂ ಎತ್ತಿ ನದಿಗೆ ಎಸೆಯಬೇಕೆನಿಸಿತು. ಅಣ್ಣ ಮೆಟ್ಟಿಲಿಳಿದು ಬಂದ. ಜನ ದಾರಿ ಬಿಟ್ಟರು, ಕಳ್ಳನಿಗೆ ಬಿಡುವ ಹಾಗೆ, ಬಟ್ಟೆ ಸೋಕದಂತೆ. ಅವನು ಅಮ್ಮನ ಮುಂದೆ ನಿಂತು ಕೈ ಚಾಚಿದ. ಅಮ್ಮ ಒಂದು ಹಿಡಿ ಗೋಧಿ ಹಾಕಿದಳು. ಗೋಧಿ ಕೈಗೆ ಬಂದರೆ ಸತ್ತವನಿಗಾಗಿ ಹೇಳಬೇಕಾದ ಮಾತೊಂದಿದೆ. ಹೇಳಿದವನು ಆ ಸಾವನ್ನು ಒಪ್ಪಿಕೊಂಡಂತೆ.

"ದೇವರು ಅವನನ್ನ ಕ್ಷಮಿಸ್ಲಿ," ಎಂದ ಅಣ್ಣ. ಗೋಧಿ ಬಾಯಿಗೆ ಹಾಕಿಕೊಂಡು ಅಗಿದ.

ಪುಸ್ತಕ ಚಳಿಗಾಲದ ಮೊದಲೇ ಬಂತು. ದಪ್ಪ ಬೆನ್ನು, ಬೆನ್ನಿನ ಮೇಲೆ ಚಿನ್ನದ ಬಣ್ಣದಲ್ಲಿ ಎವ್ಸ್ಟಾಟಿ ಮರಾಂಗೊಜೋವ್. ಹಿಂದಿನ ರಟ್ಟಿನಲ್ಲಿ ಟೋಪಿ, ಮೀಸೆ, ಹೊಟ್ಟೆನೋವು. ಒಳಗೆ, ಇರುವೆ ಗಾತ್ರದ ಅಕ್ಷರದಲ್ಲಿ, ಅಕ್ಷರ ಜೋಡಣೆ ಎಂಬ ಕಡೆ ನಮ್ಮಣ್ಣನ ಹೆಸರು. ಅದನ್ನೂ ಹಂಜಿಯೆವ್ ಕರುಣೆಯಿಂದ ಹಾಕಿಸಿದ್ದ. ಕದ್ದವನಾದರೂ ಕಾಪಾಡಿದನಲ್ಲ ಎಂದನಂತೆ. ಊರಿನಲ್ಲಿ ಪುಸ್ತಕವಿಲ್ಲದ ಮನೆಯಿಲ್ಲ. ಹೆಂಗಸರು ಕೊನೆಯ ಪುಟ ತೆರೆದು ಅಳುತ್ತಾರೆ. ಗಂಡಂದಿರು ಗುಟ್ಟಾಗಿ ಓದಿ, ಹೆಂಡತಿಯ ಅಲಾರಂ ಗಡಿಯಾರಕ್ಕೆ ಕೀಲಿ ಕೊಡಲು ಕಲಿತಿದ್ದಾರೆ. ಬೀದಿಯಲ್ಲಿ ಅಣ್ಣ ತಲೆ ತಗ್ಗಿಸಿ ನಡೆಯುತ್ತಾನೆ. ಊರಿನವರು ಈಗ ಕ್ಷಮಿಸಿದ್ದಾರೆ, ಅದೇ ಇನ್ನೂ ಕೆಟ್ಟದ್ದು. ಸ್ಟೋಯ್ನಾ ಬನ್ನು ಕೊಡುವಾಗ, ಅವರು ಬರೆದದ್ದನ್ನು ಚೆನ್ನಾಗಿ ಓದು ಮಗಾ, ಒಂದು ದಿನ ನಿನಗೂ ಬಂದೀತು ಎನ್ನುತ್ತಾಳೆ.

ಪುಸ್ತಕ ಬಂದ ದಿನ ಅವನು ಗೋಡೆಗೆ ಮುಖ ಮಾಡಿ ಮಲಗಿದ. ಮೂರನೇ ದಿನವೂ ಏಳಲಿಲ್ಲ. ಈ ಸಲ ಮುಗಿಯಿತು, ಇನ್ನು ಇವನು ಬರೆಯುವುದಿಲ್ಲ ಎಂದು ನಾನು ಮನಸ್ಸಿನಲ್ಲೇ ದೇವರಿಗೆ ಮೇಣದಬತ್ತಿಯ ಹರಕೆ ಹೊತ್ತುಕೊಂಡೆ. ಅಮ್ಮ ಅಡುಗೆಮನೆಯಲ್ಲಿ ಪುಸ್ತಕ ಓದಿ ಮುಗಿಸಿ, ಕನ್ನಡಕ ತೆಗೆದು, ಒಂದು ತಟ್ಟೆ ಹುರುಳಿಕಾಯಿ ಸೂಪು ತಂದು ಅವನ ಹಾಸಿಗೆಯ ಪಕ್ಕ ಇಟ್ಟಳು. ಅವಳು ಹೇಳಿದ್ದು ಬಾಗಿಲಲ್ಲಿ ನಿಂತಿದ್ದ ನನಗೂ ಕೇಳಿಸಿತು.

"ಏಳು, ತಿನ್ನು. ಇಷ್ಟು ದಪ್ಪ ಪುಸ್ತಕ ಬರ್ದೆ, ಅವರ ಬಾಯಿಂದ ಒಂದು ಮಾತು ಹೊರಡಿಸ್ಲಿಲ್ಲ ನೀನು. ಮುಂದಿನದ್ರಲ್ಲಾದ್ರೂ ಅವಳ ಹತ್ರ ಹೇಳ್ಲಿ."

ಅಣ್ಣ ಗೋಡೆಯಿಂದ ಮುಖ ತಿರುಗಿಸಿದ. ಆಮೇಲೆ ಎದ್ದು ಕೂತು, ಸೂಪಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಫ್ಯಾಕ್ಟರಿಯ ಆ ಏಣಿಯ ಎತ್ತರ ಎಷ್ಟಿತ್ತು ಅಂತ ಅಮ್ಮನನ್ನು ಕೇಳಿದ.